ಪೌಂಡಿನ ಮೊಲ

ನದಿಯ ಹೆಸರು ಸಾಕ್.
ಸಾಕೆನ್ನುವಷ್ಟು ನೀರು ಅದರಲ್ಲಿ ಹರಿದದ್ದು
ಲೇನಾ ಕ್ಲಾಸ್ತೆಯ ಎಂಬತ್ತಮೂರು ವರ್ಷಗಳಲ್ಲಿ ಐದೋ ಆರೋ ಸಲ.
ಉಳಿದಂತೆ ಅದೊಂದು ಮೆಕ್ಕಲು ಮಣ್ಣಿನ ದಾರಿ,
ಅಂಚಿಗೆ ಉಪ್ಪುಂಡು ಬದುಕುವ ಬೂದು ಗನ್ನಾ ಪೊದೆ,
ಎರಡೂ ಕಡೆ ಕಾರೂ ಬಯಲು, ಕಲ್ಲು, ಕುರಿ, ತಂತಿಬೇಲಿ.

ಆ ಪೊದೆಯ ಪಟ್ಟಿಯೇ ಅದರ ದೇಶ.
ಒಂದು ಕೂಗಳತೆ ಅಗಲವಿಲ್ಲ.
ಆಚೆ ಕಲ್ಲುನೆಲ, ಬಿಲ ತೋಡಲು ಉಗುರು ಇಳಿಯದು.
ಈಚೆ ಗೋಧಿ, ಕುದುರೆಮೆಂತ್ಯ;
ನೇಗಿಲು ಕಾಲಿಟ್ಟಲ್ಲಿ ಅದು ಮತ್ತೆ ಕಾಲಿಡದು.

ಕಂಡವರು ಕಡಿಮೆ. ಕಂಡವರು ಮೊದಲು ಹೇಳುವುದು ಗೆರೆಯ ಮಾತು:
ಬಾಯಿಯ ಕೊನೆಯಿಂದ ಕೆನ್ನೆಗುಂಟ ಕಿವಿಯ ಬುಡದತ್ತ,
ಕಾಡಿಗೆ ಹಚ್ಚುವ ಕೈ ಜಾರಿದಂತೆ.
ಕಣ್ಣ ಸುತ್ತ ಬಿಳಿ ಬಳೆ.
ಬಾಲ ಕಂದು ಉಣ್ಣೆಯ ಉಂಡೆ;
ಬೇರೆ ಮೊಲಗಳಂತೆ ಓಡುತ್ತ ಬಿಳಿ ತೋರಿಸುವುದಿಲ್ಲ.
ಹಿಂಗಾಲು ಅಗಲ, ಅರಿವೆ ಸುತ್ತಿದಷ್ಟು ಮೆತ್ತಗೆ.
ಕತ್ತೆಗಾಡಿ ಕಟ್ಟಿಕೊಂಡು ಊರೂರು ಉಣ್ಣೆ ಕತ್ತರಿಸುವ ಜನ
ಅದನ್ನು ಬಟ್ಟೆಗಾಲು ಎಂದರು.

ಹಗಲೆಲ್ಲ ಪೊದೆಯಡಿಯ ತಗ್ಗಿನಲ್ಲಿ ಮುದುಡಿ
ತನ್ನದೇ ಮೆತ್ತನೆ ಹಿಕ್ಕೆ ತಾನೇ ತಿನ್ನುತ್ತದೆ.
“ಒಂದೇ ಸೊಪ್ಪನ್ನ ಎರಡು ಸಲ ಉಣ್ಣೋದು,
ನಮ್ಮ ಮನೆ ಲೆಕ್ಕಾನೂ ಅದೇ ಆಗಿತ್ತು”
ಎನ್ನುತ್ತಾಳೆ ಲೇನಾ, ನಗದೆ.

ಮೊಲವೆಂದರೆ ಮರಿಗಳ ರಾಶಿ ಎಂದು ನಗುವವರಿಗೆ ಇದು ಗೊತ್ತಿಲ್ಲ:
ವರ್ಷಕ್ಕೆ ಒಂದು ಮರಿ, ಹೆಚ್ಚೆಂದರೆ ಎರಡು.
ತಾಯಿ ಬಿಲ ತೋಡುತ್ತದೆ,
ತನ್ನ ಮೈಯ ತುಪ್ಪಳ ಕಿತ್ತು ಹಾಸುತ್ತದೆ,
ಕಣ್ಣು ಬಿಡದ, ಕೂದಲು ಮೂಡದ ಜೀವವನ್ನು ಒಳಗಿಟ್ಟು
ಹೊರಬಂದು ಬಾಯಿ ಮುಚ್ಚುತ್ತದೆ, ಮಣ್ಣಿಂದ, ಕಡ್ಡಿಯಿಂದ.
ಕತ್ತಲಲ್ಲಿ ಬಂದು ತೆರೆಯುತ್ತದೆ, ಹಾಲೂಡುತ್ತದೆ, ಮತ್ತೆ ಮುಚ್ಚುತ್ತದೆ.

ಲೇನಾಗೆ ಆಗ ಏಳು.
ದೂರದ ಮ್ಯೂಸಿಯಮ್ಮಿನವರು ಸುದ್ದಿ ಬಿಟ್ಟಿದ್ದರು:
ಗೆರೆಯ ಮೊಲ ತಂದರೆ ತಲೆಗೊಂದು ಪೌಂಡ್.
ಕತ್ತರಿಯ ಕಾಲ ಮುಗಿದು, ಹಿಟ್ಟಿನ ಚೀಲ ಕೊಡವಿ,
ಅಪ್ಪ ಅಪೋಲಸ್ ಮುಸ್ಸಂಜೆ ನಾಯಿಯ ಜೊತೆ ಹೊರಟ.
ಬೆಳಗ್ಗೆ ಗೋಣಿಯಲ್ಲಿ ಒಂದಿತ್ತು, ಬೆಚ್ಚಗಿರಲಿಲ್ಲ.

ಟೋಪಿಯ ಮನುಷ್ಯ ಅಳತೆಪಟ್ಟಿ ತೆಗೆದ.
ಕಿವಿ ಅಳೆದ, ಪಾದ ಅಳೆದ,
ಹೊಟ್ಟೆಯ ತುಪ್ಪಳ ಊದಿ ನೋಡಿ
ಚೀಟಿಯ ಮೇಲೆ ಬರೆದು ಗಟ್ಟಿಯಾಗಿ ಓದಿದ:
ಹೆಣ್ಣು. ಹಾಲಿದೆ.

ಆ ಪೌಂಡಿನಲ್ಲಿ ಹಿಟ್ಟು ಬಂತು, ಸಕ್ಕರೆ ಬಂತು,
ಅಪ್ಪನಿಗೆ ತಂಬಾಕು ಬಂತು,
ಲೇನಾಗೆ ಜೀವನದ ಮೊದಲ ಬೂಟು ಬಂತು,
ಒಂದು ಅಳತೆ ದೊಡ್ಡದು, ಬೆಳೆಯುವ ಕಾಲಿಗೆ.
ಎರಡು ದಿನ ಕಿರ್ ಕಿರ್ ಎನ್ನಿಸುತ್ತ ಗಾಡಿ ಸುತ್ತಿದಳು.

ಮೂರನೆಯ ದಿನ, ಬೂಟಿನ ದಾರ ಕಟ್ಟುತ್ತಿದ್ದವಳಿಗೆ
ಚೀಟಿಯ ಎರಡನೇ ಮಾತು ಅರ್ಥವಾಯಿತು.

ನದಿಗೆ ಓಡಿದಳು. ಪೊದೆ ಪೊದೆಯ ಬುಡ ನೋಡಿದಳು.
ಎಲ್ಲ ಮಣ್ಣೂ ಮಣ್ಣೇ, ಎಲ್ಲ ಕಡ್ಡಿಯೂ ಕಡ್ಡಿಯೇ.
ಕಾಣದಿರುವುದೇ ಆ ಮುಚ್ಚಳದ ಕೆಲಸ.
ತುಳಿದು ಕುಸಿದೀತೆಂದು ಬೂಟು ಕಳಚಿ
ಬರಿಯ ಅಂಗಾಲಲ್ಲಿ ನೆಲ ಮುಟ್ಟಿ ಮುಟ್ಟಿ ನಡೆದಳು,
ಎಲ್ಲಿ ಟೊಳ್ಳು, ಎಲ್ಲಿ ಬೆಚ್ಚಗೆ.
ಕತ್ತಲಾಯಿತು. ಅಪ್ಪ ಕೂಗಿದ.

ಆಮೇಲೆ ಎಷ್ಟೋ ವರ್ಷ ಯಾರೂ ಆ ಗೆರೆ ಕಾಣಲಿಲ್ಲ.
ಪೌಂಡೂ ಚಲಾವಣೆಯಿಂದ ಹೋಯಿತು.

ಈಗ ಝೋಲೆಕಾ ಎಂಬ ಹುಡುಗಿ ಬಂದಿದ್ದಾಳೆ,
ಬೇಲಿಗೂಟಗಳಿಗೆ ಕ್ಯಾಮೆರಾ ಕಟ್ಟುತ್ತಾಳೆ,
ಹಳೆಯ ಜಾಗ ಬಲ್ಲವರು ಬೇಕೆಂದು
ಲೇನಾಳನ್ನು ಪಿಕಪ್ಪಿನಲ್ಲಿ ಕೂರಿಸಿ ತರುತ್ತಾಳೆ.
ದಂಡೆಗೆ ಬಂದೊಡನೆ ಮುದುಕಿ ಕೂತು ಚಪ್ಪಲಿ ಬಿಡುತ್ತಾಳೆ.
ಮುಳ್ಳಿದೆ ಅಜ್ಜಿ, ಎಂದರೆ
ಕೇಳಿಸದವಳ ಹಾಗೆ.

ಇವತ್ತು ಚಿತ್ರ ಬಿದ್ದಿದೆ: ರಾತ್ರಿ ಎರಡು ಹದಿನಾಲ್ಕು,
ಉದ್ದ ಕಿವಿ, ಬಳೆ, ಜಾರಿದ ಕಾಡಿಗೆ.
ಝೋಲೆಕಾ ಕುಣಿಯುವುದೊಂದು ಬಾಕಿ.
ಲೇನಾ ಫೋನನ್ನು ಮೂಗಿನ ಬಳಿ ಹಿಡಿದು
ಬಹಳ ಹೊತ್ತು ನೋಡಿ ಕೇಳುತ್ತಾಳೆ:
“ಹಾಲಿದೆಯಾ?”

ಹುಡುಗಿ ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸುತ್ತಾಳೆ,
ಇನ್ನೂ ಹಿಗ್ಗಿಸುತ್ತಾಳೆ.
ಬೂದು ಚೌಕಗಳು.